ದೀಪ ಹಚ್ಚುವ ಹೊತ್ತಿನ ಕಹಿ

ಹಪ್ಪಳದ ಹಿಟ್ಟಿಗೆ ಉಪ್ಪು ಸರಿಯಾಗಿದೆಯೇ ಎಂದು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡಿದ್ದೆ. ಉಪ್ಪು ತಿಳಿಯುವ ಮೊದಲೇ ಬೆಲ್ಲದ ರುಚಿ ಬಂತು, ಅದರ ಬೆನ್ನಿಗೇ ಒಂದು ಕಹಿ. ಹಾಗಲಕಾಯಿಯದಲ್ಲ, ಮೆಂತ್ಯದ್ದಲ್ಲ, ಬೇವಿನದೂ ಅಲ್ಲ. ಅವನ್ನೆಲ್ಲ ಕಣ್ಣು ಕಟ್ಟಿ ಕೊಟ್ಟರೂ ಹೇಳಬಲ್ಲೆ. ಈ ಊರಿನಲ್ಲಿ ದೇವೀರಮ್ಮನ ಹಪ್ಪಳ ಎಂದು ಹೆಸರು ಬಂದಿದ್ದೇ ನನ್ನ ಈ ನಾಲಿಗೆಯಿಂದ. ಇದು ಸುಣ್ಣದ ಗೋಡೆ ನೆಕ್ಕಿದ ಹಾಗೆ ಗಂಟಲಿನ ಬುಡ ಹಿಡಿದು ಕೂರುವ ಕಹಿ. ಹಿತ್ತಲಿಗೆ ಓಡಿ ಉಗುಳಿದೆ. ಒಳಗೆ ಮೊಮ್ಮಗಳು ಪುಟ್ಟಿ ಕೈಲಿದ್ದ ಬೊಂಬೆ ಎಸೆದು 'ಥೂ ಥೂ' ಎಂದು ಅಳತೊಡಗಿದಳು. ಅಡುಗೆಮನೆಯಲ್ಲಿ ಸೊಸೆ ಸುಗುಣ ಕೆಮ್ಮಿದ್ದು ಕೇಳಿಸಿತು. ಅಂದರೆ ನಮ್ಮ ಮನೆಯವರೇ ಯಾರೋ ಆ ಗಳಿಗೆಯಲ್ಲಿ, ಉಳಿದವರಿಗೆ ಹೇಳದೆ, ಏನನ್ನೋ ತಿಂದಿದ್ದರು.

ನಮ್ಮೂರಲ್ಲಿ ಬೆಳಿಗ್ಗೆ ಅನ್ನಕ್ಕಿಡುವಾಗ ಮನೆಯ ಹಿರಿಯ ಹೆಂಗಸು ಒಬ್ಬೊಬ್ಬರ ಹೆಸರು ನೆನೆದು ಒಂದೊಂದು ಹಿಡಿ ಅಕ್ಕಿಯನ್ನು ಪಾತ್ರೆಗೆ ಹಾಕುತ್ತಾಳೆ. ಯಾರ ಹಿಡಿ ಬಿತ್ತೋ, ಯಾರು ಆ ಅನ್ನ ಉಂಡರೋ, ಅವರ ನಾಲಿಗೆಗಳೆಲ್ಲ ಮರುದಿನದ ಅನ್ನದವರೆಗೆ ಒಂದೇ. ಎಲ್ಲಿ ಹೋಗಿ ಏನು ತಿಂದರೂ ಅದರ ರುಚಿ ಮನೆಮಂದಿಗೆಲ್ಲ ಬರುತ್ತದೆ. ಹಲ್ಲಿಲ್ಲದ ಮುದುಕರು ಮೊಮ್ಮಕ್ಕಳ ಕೈಗೆ ಚಕ್ಕುಲಿ ಕೊಟ್ಟು 'ನಿಧಾನಕ್ಕೆ ಅಗಿಯೋ' ಎಂದು ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ. ಮನೆಯಲ್ಲಿ ಒಬ್ಬರು ಏಕಾದಶಿ ಹಿಡಿದರೆ ಉಳಿದವರೂ ಬಾಯಿ ಕಟ್ಟಬೇಕು, ಇಲ್ಲದಿದ್ದರೆ ಉಪವಾಸದವರ ನಾಲಿಗೆಗೆ ಬೋಂಡ ಬಂದು ವ್ರತ ಕೆಡುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಹಸಿ ಹುಣಸೆಕಾಯಿ ರುಚಿ ಬಂದರೆ, ಸೊಸೆ ಬಾಯಿ ಬಿಡುವ ಮೊದಲೇ ಅತ್ತೆ ತೊಟ್ಟಿಲು ತೊಳೆಯಲು ಶುರು ಮಾಡುತ್ತಾಳೆ. ಗಂಡಸರು ಪರಊರಿನಲ್ಲಿ ಯಾರ ಕೈಯಡುಗೆ ಉಂಡರು ಎನ್ನುವುದೂ ತಿಳಿಯುತ್ತದೆ. ಆ ಮಾತು ಆಮೇಲೆ ಬರುತ್ತದೆ, ಇರಲಿ.

ಹಾಗೆ ನೋಡಿದರೆ ನಮ್ಮ ಮನೆಯದು ದೊಡ್ಡ ಸಂಸಾರವೇನಲ್ಲ. ನಾನು, ನಮ್ಮ ಯಜಮಾನರು, ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವ ಮಗ ನಟೇಶ, ಸುಗುಣ, ಇನ್ನೂ ಮಾತು ತೊದಲುವ ಪುಟ್ಟಿ. ಯಜಮಾನರು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ನುಡಿಸುವವರು. ಅವರು ಬಂದು ಊದದೆ ಈ ಸುತ್ತಿನಲ್ಲಿ ಒಂದು ಮದುವೆ ಮುಗಿದದ್ದಿಲ್ಲ. ಅವರ ಹೆಸರನ್ನು ಊರೆಲ್ಲ ಕರೆಯುತ್ತದೆ, ನಾನು ಮಾತ್ರ ಹಸೆಯ ಮೇಲೆ ಕೂತು ಹೆಸರು ಹೇಳುವ ಶಾಸ್ತ್ರದಲ್ಲಿ ಒಂದು ಸಲ ಹೇಳಿದ್ದು ಬಿಟ್ಟರೆ ಆವರೆಗೆ ಬಾಯಲ್ಲಿ ಆಡಿದವಳಲ್ಲ.

ಮರುದಿನವೂ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಬೆಲ್ಲ ಬಂತು, ಕಹಿ ಬಂತು. ಅದರ ಮರುದಿನವೂ. ಮೊದಲು ನಟೇಶನ ಮೇಲೆ ಕಣ್ಣು ಹೋಯಿತು. ಗಿರಣಿಯಿಂದ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ 'ಬಾಯಿ ಬಿಡೋ' ಎಂದೆ. 'ಅಮ್ಮಾ, ನನಗೂ ಆ ದರಿದ್ರ ಕಹಿ ಬರ್ತಿದೆ. ಗಿರಣೀಲಿ ಹಿಟ್ಟಿನ ಮೇಲೆ ಉಗುಳಿ ಯಜಮಾನನ ಹತ್ರ ಬೈಸ್ಕೊಂಡೆ. ನಿನ್ನ ಹಪ್ಪಳಕ್ಕೇನಾದ್ರೂ ಹೊಸ ಸೋಡಾ ಹಾಕ್ತಿದೀಯಾ?' ಎಂದು ನನ್ನನ್ನೇ ಕೇಳಿದ. ನನ್ನ ಹಪ್ಪಳವಂತೆ! ತಲೆ ಮೇಲೆ ಮೊಟಕಿ ಒಳಗೆ ಕಳಿಸಿದೆ.

ಎದುರುಮನೆ ತುಂಗಮ್ಮನಿಗೆ ನನ್ನ ಮುಖ ನೋಡಿದರೆ ಸಾಕು, ಬೆಲ್ಲ, ಕಹಿ ಎಲ್ಲವನ್ನೂ ನನ್ನಿಂದ ಬಾಯಿ ಬಿಡಿಸಿದಳು. ಜಗಲಿಗೆ ಬಂದು ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಿಸುಗುಟ್ಟಿದಳು: 'ದೇವೀರಕ್ಕ, ತಪ್ಪು ತಿಳ್ಕೋಬೇಡಿ. ನಿಮ್ಮ ಯಜಮಾನ್ರು ಯಾಕೆ ಹಂಗೆ ಒಣಗ್ತಿದಾರೆ? ಮುಖದಲ್ಲಿ ರಕ್ತಾನೇ ಇಲ್ಲ. ಯಾರೋ ಊಟದಲ್ಲಿ ಮದ್ದು ಹಾಕ್ತಿದಾರೆ. ಮದ್ದು ಅರೆಯೋಳು ಪಾಕ ಬಂತಾ ಅಂತ ದಿನಾ ನಾಲಿಗೆಗೆ ಹಚ್ಚಿ ನೋಡ್ತಾಳೆ. ಬಾಯಿ ಕೆಡುತ್ತಲ್ಲ, ಅದಕ್ಕೇ ಬೆಲ್ಲ.'

ಅವಳ ಮಾತಿನಲ್ಲಿ ಸುಳ್ಳೇನೂ ಕಾಣಲಿಲ್ಲ. ಯಜಮಾನರು ಒಣಗುತ್ತಿದ್ದುದು ನಿಜ. ಆ ವರ್ಷ ಜ್ವರ ಬಂದು ಬಂದು ಹೋಗುತ್ತಿತ್ತು. ಬಾಯಿ ತುಂಬ ಬಿಳಿ ಹುಣ್ಣು, ಒಂದು ಹಸಿಮೆಣಸಿನಕಾಯಿ ಸೋಕಿದರೆ ಕಣ್ಣಲ್ಲಿ ನೀರು. ಕ್ಲಾರಿನೆಟ್ ಬಾಯಿಗಿಟ್ಟರೆ ಎರಡು ಸಾಲು ಊದುವಷ್ಟರಲ್ಲಿ ಕೆಮ್ಮು. ದೊಡ್ಡಾಸ್ಪತ್ರೆಗೆ ಹೋಗಿ ಬಂದವರು 'ಏನೋ ಗ್ಯಾಸ್ಟ್ರಿಕ್ ಅಂದ್ರು' ಎಂದು ಗೋಡೆ ಕಡೆ ತಿರುಗಿ ಮಲಗಿದ್ದರು. ಸಾಯಂಕಾಲವಾದರೆ ಮಾತ್ರ ವಾದ್ಯ ಒರೆಸಬೇಕು ಎಂದು ಬ್ಯಾಂಡಿನ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. ಅಡುಗೆಮನೆಯಲ್ಲಿ ಆ ಹೊತ್ತಿಗೆ ಇರುವವಳು ಒಬ್ಬಳೇ. ಬೆಲ್ಲದ ಡಬ್ಬಿ ಇರುವುದೂ ಅಲ್ಲೇ.

ಅಂದಿನಿಂದ ಸುಗುಣ ಏನು ಮುಟ್ಟಿದರೂ ನನ್ನ ಕಣ್ಣು ಅಲ್ಲಿ. ಅವಳು ಒಂದು ಪುಟ್ಟ ಬಟ್ಟಲನ್ನು ಬೇರೆಯಾಗಿ ತೊಳೆಯುತ್ತಾಳೆ, ಯಾಕೆ? ತವರಿನಿಂದ ಬಂದ ಪೊಟ್ಟಣವನ್ನು ಮೇಲಿನ ಗೂಡಿನಲ್ಲಿಟ್ಟಳು, ಯಾಕೆ? ಒಂದು ದಿನ ಅವಳು ನೀರಿಗೆ ಹೋದಾಗ ಆ ಪೊಟ್ಟಣ ಬಿಚ್ಚಿ ಮೂಸಿದೆ. ಮಗುವಿನ ಕೆಮ್ಮಿನ ಬಜೆ ಬೇರು. ಹಾಗಂತ ಅನುಮಾನ ಹೋಗುತ್ತದೆಯೇ? ಇಷ್ಟು ಜಾಣೆ ಬೇರೆ ಎಲ್ಲೋ ಇಟ್ಟಿದ್ದಾಳೆ ಎಂದುಕೊಂಡೆ. ಬೆಲ್ಲದ ಅಚ್ಚು ದಿನದಿಂದ ದಿನಕ್ಕೆ ಸವೆಯುತ್ತಿತ್ತು, ಯಾರೋ ಚಾಕುವಿನ ತುದಿಯಿಂದ ಒಡೆದು ಒಯ್ದ ಹಾಗೆ.

ಕೊನೆಗೆ ಒಂದು ಬೆಳಿಗ್ಗೆ ಅಕ್ಕಿ ಹಾಕುವಾಗ ತಡೆದುಕೊಳ್ಳಲಾಗಲಿಲ್ಲ. ಸುಗುಣಳ ಹೆಸರಿಗೆ ಬಂದಾಗ ಹಿಡಿಯನ್ನು ಪಾತ್ರೆಯ ಮೇಲೆ ಹಿಡಿದು ನಿಂತೆ.

'ಹಾಕಲೋ ಬೇಡವೋ, ನೀನೇ ಹೇಳು,' ಎಂದೆ.

'ಯಾಕತ್ತೆ?'

'ಮಾವನಿಗೆ ಏನು ಇಕ್ತಿದೀಯ, ಅದನ್ನ ಮೊದ್ಲು ಹೇಳು.'

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖ ಕೆಂಪಗಾಯಿತು. 'ಆ ತುಂಗಮ್ಮ ಹೇಳಿದ್ಲಾ? ಅತ್ತೆ, ಆ ಕಹಿ ನನ್ನ ಮಗೂ ಬಾಯಿಗೂ ಬರ್ತಿದೆ. ದಿನಾ ಅದು ಅಳೋದು ಕೇಳ್ತಿಲ್ವಾ ನಿಮಗೆ? ನಾನು ಮದ್ದು ಅರೆಯೋಳಾಗಿದ್ರೆ ನನ್ನ ಮಗೂ ನಾಲಿಗೆ ಮೇಲೆ ಅರೀತಿದ್ನಾ?' ಎಂದು ಸಿಟ್ಟಿನಿಂದ ಕೇಳಿದಳು. 'ಇವತ್ತು ಸಂಜೆ ಎಲ್ಲರನ್ನೂ ಎದುರಿಗೆ ಕೂರಿಸ್ಕೊಳ್ಳಿ. ಬಾಯಿ ತುಂಬ ನೀರು ಕೊಡಿ. ನೀರು ಇಟ್ಕೊಂಡಿರೋ ಬಾಯಿಗೆ ಇನ್ನೊಂದು ಹೋಗಲ್ಲ. ಆಗ್ಲೂ ಕಹಿ ಬಂದ್ರೆ ನಿಮ್ಮ ಕಣ್ಣೇ ನಿಮಗೆ ಸಾಕ್ಷಿ.'

ಮಾತು ಸರಿಯಾಗಿತ್ತು. ಹಿಡಿ ಹಾಕಿದೆ. ಸಂಜೆ ನಟೇಶನನ್ನು ಬೇಗ ಬರಲು ಹೇಳಿ, ನಾವು ಮೂವರೂ ಕೆನ್ನೆ ಉಬ್ಬಿಸಿಕೊಂಡು, ಬಾಯಿ ತುಂಬ ನೀರಿಟ್ಟುಕೊಂಡು ನಡುಮನೆಯಲ್ಲಿ ಕೂತೆವು. ಪುಟ್ಟಿ ನಮ್ಮ ಮುಖಗಳನ್ನು ನೋಡಿ ನಗು ತಡೆಯಲಾರದೆ ನೆಲಕ್ಕೆ ಬಿದ್ದಳು. ನಟೇಶನಿಗೂ ನಗು ಬಂದು ಮೂಗಿನಿಂದ ನೀರು ಇಳಿಯಿತು. ನಾನು ಸುಗುಣಳ ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದೆ, ಅವಳೂ ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಬೆಲ್ಲ ಬಂತು. ಕಹಿ ಬಂತು. ಮೂರು ಬಾಯಿಂದ ಒಟ್ಟಿಗೆ ನೀರು ಚಿಮ್ಮಿತು, ಪುಟ್ಟಿಯ ನಗು ಅಳುವಾಯಿತು. ಸುಗುಣ ಬಾಯಿ ಒರೆಸಿಕೊಂಡು, 'ಈಗ ಯಾರು ಇಲ್ಲಿಲ್ಲ ಅಂತ ನೋಡಿ' ಎಂದು ಎದ್ದು ಹೋದಳು.

ಆ ರಾತ್ರಿ ಯಜಮಾನರಿಗೆ ಬಡಿಸುವಾಗ ಏನೂ ಕೇಳಲಿಲ್ಲ. ಕೇಳಿದರೆ ಸುಳ್ಳು ಸಿಗುತ್ತದೆ ಎಂದು ನನಗೆ ಗೊತ್ತು. ಮಾರನೆಯ ದಿನ ಸಂಜೆ ಅವರು ಹೊರಟ ಸ್ವಲ್ಪ ಹೊತ್ತಿಗೆ ನಾನೂ ಚಪ್ಪಲಿ ಮೆಟ್ಟಿದೆ. ಬ್ಯಾಂಡಿನ ಕೊಟ್ಟಿಗೆ ನಮ್ಮ ಬೀದಿಯ ಕೊನೆಯಲ್ಲಿದೆ. ಗೋಡೆಗೆ ತಮಟೆ, ಡ್ರಮ್ಮು ತೂಗುಹಾಕಿರುತ್ತಾರೆ, ಒಳಗೊಂದು ಮಂಚ. ಬಾಗಿಲ ಸಂದಿಯಿಂದ ನೋಡಿದೆ. ಅವರು ಜೇಬಿನಿಂದ ಒಂದು ಬಿಳಿ ಡಬ್ಬಿ ತೆಗೆದರು, ಅದರಿಂದ ಒಂದು ದೊಡ್ಡ ಮಾತ್ರೆ. ಕಾಗದದಲ್ಲಿ ಸುತ್ತಿದ್ದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಮಾತ್ರೆಯನ್ನು ಹಲ್ಲಲ್ಲಿ ಕಚ್ಚಿದರು. ಅಲ್ಲಿ ಅವರು ಕಚ್ಚಿದ್ದು, ಇಲ್ಲಿ ನನ್ನ ಬಾಯಿ ಕಹಿಯಾದದ್ದು. ಕಳ್ಳ ಸಿಕ್ಕಿಬಿದ್ದ.

'ಏನ್ರೀ ಅದು?' ಎಂದು ಬಾಗಿಲು ನೂಕಿದೆ.

ಅವರು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದರು. ಆಮೇಲೆ, ಯಾಕೋ, ಮುಂದೆ ತಂದು ಮಂಚದ ಮೇಲಿಟ್ಟರು. 'ಕೂತ್ಕೋ ದೇವೀ.'

'ಕೂರಲ್ಲ. ಹೇಳಿ.'

'ಎಚ್‌ಐವಿ ಅಂತೆ. ರಕ್ತ ಪರೀಕ್ಷೇಲಿ ಬಂತು. ಇದು ಅದಕ್ಕೆ ಕೊಟ್ಟಿರೋ ಮಾತ್ರೆ. ದಿನಾ ಒಂದು, ಒಂದೇ ಹೊತ್ತಿಗೆ, ಜೀವ ಇರೋವರೆಗೂ. ಗಂಟಲಲ್ಲಿ ಹುಣ್ಣು, ಇಡೀದು ಇಳೀತಿರಲಿಲ್ಲ. ಕಚ್ಚಿದ್ರೆ ಹೋಗ್ತಿತ್ತು. ಬೆಲ್ಲ ಹಾಕ್ಕೊಂಡ್ರೆ ನಿಮಗೆ ಗೊತ್ತಾಗಲ್ಲ ಅಂದ್ಕೊಂಡೆ.'

ಗೊತ್ತಾಗಲ್ಲವಂತೆ! ಈ ಊರಲ್ಲಿ ಹುಟ್ಟಿ ಬೆಳೆದ ಗಂಡಸು ಆಡುವ ಮಾತೇ ಇದು? ನನಗೆ ಆ ಕಾಯಿಲೆಯ ಹೆಸರು ಕೇಳಿ ಮೊದಲು ಭಯವಾಗಲಿಲ್ಲ. ಮೊದಲು ಬಂದದ್ದು ಒಂದು ಸಾರಿನ ನೆನಪು.

'ಬೆಳ್ಳುಳ್ಳಿ ಸಾರಿನೋಳಾ?' ಎಂದೆ.

ಅವರು ತಲೆಯೆತ್ತಿ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. 'ನಿನಗೆ...'

'ನನಗೇನು ನಾಲಿಗೆ ಇಲ್ವಾ? ಪ್ರೋಗ್ರಾಂ ತಡವಾಯ್ತು, ಬಸ್ ತಪ್ಪೋಯ್ತು ಅಂತ ಬರ್ತಿದ್ರಲ್ಲ, ಆವತ್ತೆಲ್ಲ ನಾನಿಲ್ಲಿ ಬೆಳ್ಳುಳ್ಳಿ ಸಾರು ಉಣ್ತಿದ್ದೆ. ಮೇಲೆ ಗುಲ್ಕಂದ್ ಹಾಕಿದ ಎಲೆಅಡಿಕೆ. ಯಾವ ಮದುವೆ ಮನೇಲಿ ಬರೀ ಬೆಳ್ಳುಳ್ಳಿ ಸಾರು ಹಾಕ್ತಾರ್ರೀ? ಉಪ್ಪು ಬೇರೆ ಕಮ್ಮಿ. ಯಾವತ್ತೂ ಒಂದು ಹರಳು ಕಮ್ಮೀನೇ.'

ಅವರು ಕೈಯಲ್ಲಿದ್ದ ಬೆಲ್ಲದ ಕಾಗದವನ್ನು ಮಡಿಸುತ್ತಾ ಬಿಚ್ಚುತ್ತಾ ಕೂತರು. 'ಅವಳು ತೀರ್ಕೊಂಡ್ಲು. ಯಾವ ಜಡ್ಡು ಅಂತ ಯಾರೂ ನೋಡಿಸ್ಲಿಲ್ಲ. ಅವಳಿಂದ ನನಗೋ, ನನ್ನಿಂದ ಅವಳಿಗೋ, ಗೊತ್ತಿಲ್ಲ. ಮಾಡಿದ್ದು ತಪ್ಪೇ. ಇಲ್ಲ ಅನ್ನಲ್ಲ.' ಕಾಗದವನ್ನು ಜೇಬಿಗೆ ತುರುಕಿ, 'ನೀನೂ ಒಂದ್ಸಲ ರಕ್ತ ತೋರಿಸ್ಕೋಬೇಕಂತೆ ದೇವೀ. ಹೇಳೋಕೆ ಬಾಯೇ ಬರ್ಲಿಲ್ಲ' ಎಂದರು.

ಇಷ್ಟು ವರ್ಷ ಆ ಸಾರನ್ನು ನಾನು ನುಂಗಿಕೊಂಡಿದ್ದೆ. ಕೇಳಿದರೆ ಜಗಳ, ಜಗಳವಾದರೆ ಒಲೆ ಎರಡು, ಒಲೆ ಎರಡಾದರೆ ಮಗನ ಗತಿಯೇನು ಎಂದು ಹಲ್ಲು ಕಚ್ಚಿದ್ದೆ. ಈಗ ಹೊಟ್ಟೆಯಲ್ಲಿದ್ದದ್ದೆಲ್ಲ ಒಟ್ಟಿಗೆ ಉರಿಯಿತು. ಮನೆಗೆ ಬಂದು ಮಲಗಿದೆ. ಬೆಳಿಗ್ಗೆ ಎದ್ದು ಅಕ್ಕಿ ಹಾಕಿದೆ. ನಟೇಶ, ಸುಗುಣ, ಪುಟ್ಟಿ, ನಾನು. ಅಷ್ಟಕ್ಕೇ ಪಾತ್ರೆಯ ಬಾಯಿ ಮುಚ್ಚಿದೆ.

ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಜಗಳವಾಡುತ್ತಾರೆ, ಕಾಲು ಹಿಡಿಯುತ್ತಾರೆ ಎಂದುಕೊಂಡಿದ್ದೆ. 'ನನ್ನ ಹಿಡಿ ಹಾಕ್ಬೇಡ ಅಂತ ನಾನೇ ಹೇಳೋಣ ಅಂತಿದ್ದೆ,' ಎಂದರು. 'ಮಗೂಗೆ ಅಷ್ಟು ಕಹಿ ಹೋಗ್ತಿದೆ ಅಂದ್ಮೇಲೆ ಮಾತ್ರೆ ಗುಣಾನೂ ಅದರ ಮೈಗೆ ಹೋಗ್ತಿರಬೇಕು. ಅಷ್ಟು ದೊಡ್ಡ ಮಾತ್ರೆ, ಪಾಪ, ಅದು ತಡ್ಕೊಳ್ಳುತ್ತಾ?' ಎರಡು ಪಂಚೆ, ಕ್ಲಾರಿನೆಟ್ ಪೆಟ್ಟಿಗೆ, ಹಳೆಯ ಸೀಮೆಎಣ್ಣೆ ಸ್ಟವ್ ಎತ್ತಿಕೊಂಡು ಕೊಟ್ಟಿಗೆಗೆ ಹೋದರು.

ನಟೇಶನಿಗೆ ಎಲ್ಲ ಹೇಳಿದೆ. ಅವನು ಅಪ್ಪನ ಮೇಲೂ ರೇಗಿದ, ನನ್ನ ಮೇಲೂ ರೇಗಿದ. ಅಂದು ಸಂಜೆ ದೀಪ ಹಚ್ಚಿದಾಗ ಕಹಿ ಬರಲಿಲ್ಲ. ಪುಟ್ಟಿ ಬೊಂಬೆಯ ಜೊತೆ ಆಡಿಕೊಂಡಿದ್ದಳು. ತುಂಗಮ್ಮ ಬಂದು 'ಮದ್ದು ತೆಗೆಸಿಬಿಟ್ರಾ? ನಾನು ಹೇಳಿರಲಿಲ್ವಾ?' ಎಂದು ನಕ್ಕಳು. 'ಹೂಂ, ತೆಗೆಸಿದ್ವಿ' ಎಂದೆ. ಸುಗುಣಳ ಹತ್ತಿರ ಹೋಗಿ 'ತಪ್ಪಾಯ್ತು ಕಣೇ' ಎಂದೆ. ಅವಳೇನು ಅಷ್ಟಕ್ಕೇ ಕರಗುವವಳಲ್ಲ. 'ಇನ್ಮೇಲೆ ನನ್ನ ಹಿಡಿ ನಾನೇ ಹಾಕ್ಕೋತೀನಿ ಅತ್ತೆ' ಎಂದಳು. ಇವತ್ತಿಗೂ ಅವಳೇ ಹಾಕಿಕೊಳ್ಳುತ್ತಾಳೆ.

ಹಾಯಾಗಿರಬೇಕಿತ್ತು. ಎರಡು ದಿನ ಹಾಯಾಗಿಯೇ ಇದ್ದೆ. ಆಮೇಲೆ ಇನ್ನೊಂದು ಅನುಮಾನ ಶುರುವಾಯಿತು. ಮದುವೆಯಾದ ಲಾಗಾಯ್ತು ಬೆಳಿಗ್ಗೆ ಎದ್ದರೆ ಅವರ ಶುಂಠಿ ಟೀ ನನ್ನ ಬಾಯಿಗೆ ಬರುತ್ತಿತ್ತು, ಮಧ್ಯಾಹ್ನ ಅವರು ಕದ್ದು ತಿನ್ನುವ ಹುರಿಗಡಲೆ. ಈಗ ಏನೂ ಇಲ್ಲ. ಉಂಡರೋ ಇಲ್ಲವೋ? ಸ್ಟವ್ ಹಚ್ಚಲು ಬರುತ್ತದೋ ಇಲ್ಲವೋ? ಆ ಮಾತ್ರೆ? ಸುಗುಣ ಒಂದು ದಿನ ಡಬ್ಬಿಯಲ್ಲಿ ಸಾರು ಒಯ್ದರೆ, 'ನನ್ನ ಹಿಡಿ ಬೀಳದ ಪಾತ್ರೇದು ನನಗೆ ಬೇಡಮ್ಮ' ಎಂದು ಹಿಂದಕ್ಕೆ ಕಳಿಸಿದರಂತೆ. ಸೊಕ್ಕು ನೋಡಿ. ನಾನು ನೀರಿಗೆ ಹೋಗುವ ನೆಪದಲ್ಲಿ ಕೊಟ್ಟಿಗೆಯ ಮುಂದೆ ಹಾದು ಹೋಗತೊಡಗಿದೆ. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತದೆಯೇ ಎಂದು ಮೂಗು ಅರಳಿಸಿದರೆ ಬರೀ ಸೀಮೆಎಣ್ಣೆ ವಾಸನೆ.

ರಕ್ತ ತೋರಿಸಲು ಹೋದದ್ದು ನಟೇಶನ ಹಟಕ್ಕೆ. ಯಜಮಾನರೂ ಅದೇ ಬಸ್ಸು ಹತ್ತಿದರು, ಅವರಿಗೂ ತೋರಿಸುವುದಿತ್ತು. ನಾನು ಮುಂದಿನ ಸೀಟು, ಅವರು ಹಿಂದಿನ ಸೀಟು. ದೊಡ್ಡಾಸ್ಪತ್ರೆಯ ಆ ವಿಭಾಗ ಹಿಂಬದಿಯಲ್ಲಿದೆ. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡದ ಹಾಗೆ ನೆಲ ನೋಡುತ್ತಿದ್ದರು. ನಾನು ಎಲ್ಲರನ್ನೂ ನೋಡಿದೆ. ಕಾಲೇಜಿನ ಹುಡುಗಿಯಂಥವಳು, ಪೇಟ ಸುತ್ತಿದ ಗೌಡರು, ಕಂಕುಳಲ್ಲಿ ಮಗು ಇದ್ದ ಹೆಂಗಸು. ಎಲ್ಲರೂ ನಮ್ಮಂಥವರೇ. ರಕ್ತ ಕೊಟ್ಟು ಅದೇ ಬೆಂಚಿನ ಮೇಲೆ ಕಾದೆ. ಆ ಗಳಿಗೆಯಲ್ಲಿ ಯಜಮಾನರ ಮೇಲೆ ಎಷ್ಟು ಕೋಪ ಬಂದಿತ್ತೆಂದರೆ, ಏನಾದರೂ ಹೆಚ್ಚುಕಮ್ಮಿಯಾಗಿದ್ದರೆ ಅಲ್ಲೇ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದೆ.

ಒಳಗೆ ಕರೆದು ಕೂರಿಸಿದವರು ಶಾಹೀನ್ ಮೇಡಂ. ರೋಗಿಗಳಿಗೆ ಧೈರ್ಯ ಹೇಳಿ ಮಾತ್ರೆಯ ವಿಷಯ ತಿಳಿಸುವುದು ಅವರ ಕೆಲಸ. 'ಅಮ್ಮ, ನಿಮಗೆ ಏನೂ ಇಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ' ಎಂದರು. ನಾವು ಬೇರೆ ಬೇರೆ ಚಾಪೆಯಲ್ಲಿ ಮಲಗತೊಡಗಿ ಎಷ್ಟೋ ವರ್ಷವಾಗಿತ್ತಲ್ಲ, ಅದೇ ನನ್ನನ್ನು ಕಾಯಿತು ಎಂದು ತೋರುತ್ತದೆ.

'ಗವಿರಂಗಯ್ಯನವರೇ, ನಿಮ್ಮ ಡಬ್ಬಿ ಕೊಡಿ,' ಎಂದು ಮೇಡಂ ಪಕ್ಕದಲ್ಲಿ ಕೂತಿದ್ದ ಯಜಮಾನರ ಕಡೆ ತಿರುಗಿದರು. ಮುಚ್ಚಳ ತೆಗೆದು ಮೇಜಿನ ಮೇಲೆ ಮಾತ್ರೆ ಸುರಿದರು. ಗುಡ್ಡೆ ನೋಡಿ ಅವರ ಮುಖ ಗಂಭೀರವಾಯಿತು. 'ಇಷ್ಟು ಉಳೀಬಾರದಿತ್ತಲ್ಲ. ಬಿಟ್ಟಿದೀರಾ?'

ಯಜಮಾನರು ಮೇಜಿನ ಮೇಲಿನ ಮಾತ್ರೆಗಳನ್ನು ಬೆರಳಿನಿಂದ ಸಾಲಾಗಿ ಜೋಡಿಸತೊಡಗಿದರು. ನಾನೇ, 'ಯಾಕ್ರೀ, ಕೇಳ್ತಿದಾರಲ್ಲ' ಎಂದೆ.

'ಒಬ್ಬನೇ ಬೇಯಿಸ್ಕೊಂಡು, ಒಬ್ಬನೇ ಉಂಡು, ಇದನ್ನ ನುಂಗಿ ಬದುಕಿ ಏನ್ಮಾಡ್ಲಿ ಮೇಡಂ?' ಎಂದರು. 'ಇವಳ ನಾಲಿಗೆ ರುಚಿ ನನಗೆ ಬರದೆ ಎಷ್ಟು ದಿನ ಆಯ್ತು ಗೊತ್ತಾ? ಹಪ್ಪಳದ ಹಿಟ್ಟಿನ ಉಪ್ಪು ಸೈತ ಬರಲ್ಲ. ಬಾಯಿ ಸತ್ತೋಗಿದೆ. ಮನೇಲಿದ್ರೆ ಮಗೂಗೆ ಈ ಔಷಧಿ ಹೋಗುತ್ತೆ. ಹೊರಗಿದ್ರೆ ಇದು ಗಂಟಲಲ್ಲಿ ಇಳಿಯಲ್ಲ.'

ಮೇಡಂ ಮಾತ್ರೆಗಳನ್ನು ಮೆಲ್ಲಗೆ ಡಬ್ಬಿಗೆ ತುಂಬಿದರು. 'ನಾನೂ ನಿಮ್ಮೂರೋಳೇ. ನಮ್ಮ ಅತ್ತೆ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಂಡಾಗೆಲ್ಲ ನನ್ನ ಬಾಯಿ ಕೆಡುತ್ತೆ. ನನ್ನ ಸಕ್ಕರೆ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಬರೋದು ರುಚಿ ಮಾತ್ರ, ಗುಣ ಬರಲ್ಲ. ಮಗೂಗೆ ಏನೂ ಆಗಲ್ಲ. ಒಂದೇ ಪಾತ್ರೇಲಿ ಉಂಡ್ರೆ, ಒಂದೇ ಲೋಟದಲ್ಲಿ ಕುಡಿದ್ರೆ ಈ ಕಾಯಿಲೆನೂ ಬರಲ್ಲ. ಇದು ನೆನಪಿರಲಿ.' ಆಮೇಲೆ ಅವರ ದನಿ ಗಡುಸಾಯಿತು. 'ಆದ್ರೆ ಬಿಟ್ಟು ಬಿಟ್ಟು ತಗೊಂಡ್ರೆ ರಕ್ತದಲ್ಲಿರೋ ವೈರಸ್ಸು ಬಲಿಯುತ್ತೆ, ಈ ಮಾತ್ರೆಗೆ ಬಗ್ಗದೆ ಹೋಗುತ್ತೆ. ಬಿಡದೆ ತಗೊಂಡ್ರೆ ಅದು ತಲೆ ಎತ್ತಲ್ಲ. ಆಮೇಲೆ ಪರೀಕ್ಷೇಲೂ ಕಾಣದಷ್ಟು ಇಳಿದುಬಿಡುತ್ತೆ, ಎಲ್ಲರ ಹಾಗೆ ಗಟ್ಟಿಮುಟ್ಟಾಗಿ ಬದುಕಬಹುದು. ಡಾಕ್ಟರು ಇವತ್ತೇ ನೋಡ್ತಾರೆ, ಇವತ್ತಿಂದಲೇ ಮತ್ತೆ ಶುರು. ಹುಣ್ಣು ವಾಸಿಯಾಗಿದೆಯಲ್ಲ, ಇನ್ನು ಕಚ್ಚಬೇಡಿ. ನೀರಲ್ಲಿ ಗಟಕ್ ಅಂತ ನುಂಗಿ. ಯಾರ ನಾಲಿಗೆಗೂ ಏನೂ ಗೊತ್ತಾಗಲ್ಲ.'

'ತಗೋತೀನಿ ಮೇಡಂ, ಇನ್ನು ಬಿಡಲ್ಲ' ಎಂದರು ಯಜಮಾನರು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ತಗೋತೀನಿ, ಬಿಡಲ್ಲ. ಬಸ್ ತಪ್ಪೋಯ್ತು, ಪ್ರೋಗ್ರಾಂ ತಡವಾಯ್ತು. ಎಲ್ಲ ಅದೇ ಬಾಯಿಂದ ಬಂದ ಮಾತು, ಅದೇ ದನಿ. ಹೇಗೆ ನಂಬುವುದು? ಕೊಟ್ಟಿಗೆಯಲ್ಲಿ ಕೂತು ನುಂಗಿದರೋ, ಚರಂಡಿಗೆ ಎಸೆದರೋ, ಕಂಡವರಾರು? ಆ ಬೆಳ್ಳುಳ್ಳಿ ಸಾರಿನವಳ ಮುಖವನ್ನು ನಾನು ಕಂಡಿಲ್ಲ, ಆದರೆ ಅವಳಿಗೆ ಯಾರೂ ಇಂಥ ಒಂದು ಡಬ್ಬಿ ಕೊಡಲಿಲ್ಲವಲ್ಲ ಎಂದು ಆವತ್ತು ಅನಿಸಿತು. ಹಿಂದಿನ ಸೀಟಿನಲ್ಲಿ ಅವರು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಸಾಯುವವರ ಹಾಗೆ ಕಾಣುತ್ತಿದ್ದರು. ನನಗೆ ಅಳು ಬಂತು, ಅದಕ್ಕೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅಕ್ಕಿ ಹಾಕುವಾಗ ಇನ್ನೊಂದು ಹಿಡಿ ಹಾಕಿದೆ. ಸುಗುಣ ನೋಡಿದಳು, ಏನೂ ಅನ್ನದೆ ಪಾತ್ರೆಗೆ ಇನ್ನಷ್ಟು ನೀರು ಸುರಿದಳು. ಅನ್ನವಾದ ಮೇಲೆ ನಾನೇ ಕೊಟ್ಟಿಗೆಗೆ ಹೋಗಿ, 'ಬನ್ನಿ ಊಟಕ್ಕೆ' ಎಂದೆ.

'ನನ್ನ ಹಿಡಿ ಹಾಕಿದ್ಯಾ?'

'ಹಾಕಿದೀನಿ.'

ಅವರ ಕಣ್ಣು ತುಂಬಿತು. 'ಕ್ಷಮಿಸಿದ್ಯಾ ದೇವೀ?'

'ಕ್ಷಮಿಸೋದು ಗಿಮಿಸೋದು ಆಮೇಲೆ ನೋಡೋಣ. ನಿಮ್ಮ ಮಾತಿನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಅದಕ್ಕೇ ಹಾಕಿದ್ದು,' ಎಂದೆ. 'ಆ ಮೇಡಂ ಗಟಕ್ ಅಂತ ನುಂಗಿ ಅಂದ್ರಲ್ಲ, ನನ್ನ ಹತ್ರ ಅದು ನಡೆಯಲ್ಲ. ದೀಪ ಹಚ್ಚೋ ಹೊತ್ತಿಗೆ ಮಾತ್ರೆ ನಾಲಿಗೆ ಮೇಲೆ ಇಡಬೇಕು. ನನಗೆ ಕಹಿ ಬರಬೇಕು. ಬಂದ್ಮೇಲೆ ನೀರು ಕುಡಿದು ನುಂಗಿ. ಬೆಲ್ಲ ಗಿಲ್ಲ ಹಾಕ್ಕೊಂಡು ಮೋಸ ಮಾಡೋ ಹಾಗಿಲ್ಲ.'

'ಮಗು ಅಳುತ್ತೆ.'

'ಅದಕ್ಕೆ ನಾವು ಬೆಲ್ಲ ಕೊಡ್ತೀವಿ. ಎದ್ದೇಳಿ, ಅನ್ನ ಆರುತ್ತೆ.'

ಹಾಗೆ ನಡೆದುಕೊಂಡು ಬಂತು. ದೀಪ ಹಚ್ಚಿ ಹಿತ್ತಲ ಬಾಗಿಲಲ್ಲಿ ಕಾಯುತ್ತಿದ್ದೆ. ಕಹಿ ಬಂದರೆ ಉಗುಳಿ ಒಳಗೆ ಬರುತ್ತಿದ್ದೆ, ಬರಲು ಚೂರು ತಡವಾದರೆ 'ಏನ್ರೀ!' ಎಂದು ಕೂಗುತ್ತಿದ್ದೆ. ಪುಟ್ಟಿ ಮುಖ ಸಿಂಡರಿಸಿ ಬೆಲ್ಲಕ್ಕೆ ಕೈ ಚಾಚುತ್ತಿದ್ದಳು. ಮಾತ್ರೆ ಮತ್ತೆ ಶುರುವಾದ ಹೊಸದರಲ್ಲಿ ಅವರಿಗೆ ತಲೆಸುತ್ತು, ಏನೇನೋ ಕನಸು ಎಲ್ಲ ಇದ್ದವು, ಬರಬರುತ್ತಾ ನಿಂತವು. ಜ್ವರ ಬಿಟ್ಟಿತು. ಕೆನ್ನೆ ತುಂಬಿಕೊಂಡಿತು. ನನ್ನ ರಕ್ತ ಎರಡನೇ ಸಲವೂ ಸರಿಯಾಗಿಯೇ ಬಂತು. ಮದುವೆ ಕಾಲ ಬಂದಾಗ ಅವರು ಕ್ಲಾರಿನೆಟ್ ಬಾಯಿಗಿಟ್ಟು ಒಂದು ಇಡೀ ಹಾಡು ತಡೆಯಿಲ್ಲದೆ ಊದಿದರು, ಬೀದಿಯವರೆಲ್ಲ ಹೊರಗೆ ಬಂದರು. ಘಟ್ಟದಾಚೆ ಒಂದು ಮದುವೆಗೆ ಕರೆ ಬಂತು. ಹೋಗಬೇಡಿ ಎನ್ನಲು ನನಗೆ ಕಾರಣವಿತ್ತು, ಆದರೂ ಎನ್ನಲಿಲ್ಲ. ಬೆಳಿಗ್ಗೆ ಅನ್ನ ಬಡಿಸಿ, ಡಬ್ಬಿಯನ್ನು ಪೆಟ್ಟಿಗೆಯೊಳಗೆ ನಾನೇ ಇಟ್ಟು ಕಳಿಸಿದೆ.

ಆ ದಿನ ಮಧ್ಯಾಹ್ನ ಕೋಸಂಬರಿ ಬಂತು, ಹೋಳಿಗೆ ಬಂತು. ಹೋಳಿಗೆಗೆ ಏಲಕ್ಕಿ ಜಾಸ್ತಿ. ಸರಿ, ಮದುವೆಮನೆಯಲ್ಲೇ ಇದ್ದಾರೆ ಎಂದುಕೊಂಡೆ. ಸಂಜೆ ದೀಪ ಹಚ್ಚಿದೆ. ಕಹಿ ಇಲ್ಲ. ಹಿಟ್ಟು ನಾದಿದೆ. ಇಲ್ಲ. ಪುಟ್ಟಿ ಬೆಲ್ಲದ ಡಬ್ಬಿಯ ಪಕ್ಕ ಕೂತು ನನ್ನ ಮುಖ ನೋಡುತ್ತಿದ್ದಳು. ಅಷ್ಟರಲ್ಲಿ ನಾಲಿಗೆಗೆ ಬೆಳ್ಳುಳ್ಳಿ ಬಂತು.

ಮೈ ಉರಿದುಹೋಯಿತು. ಅವಳು ಸತ್ತು ಎಷ್ಟೋ ಕಾಲವಾಗಿದೆ ಎಂದು ಗೊತ್ತಿದ್ದೂ, ಕಣ್ಣು ಮುಚ್ಚಿ ಉಪ್ಪು ನೋಡಿದೆ. ಉಪ್ಪು ಜಾಸ್ತಿಯೇ ಇತ್ತು, ಖಾರವೂ. ಜೊತೆಗೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ. ಬಸ್‌ಸ್ಟ್ಯಾಂಡಿನ ಬಜ್ಜಿ ಮತ್ತು ಚಟ್ನಿ. ಬಜ್ಜಿ ತಿನ್ನಲು ಪುರುಸೊತ್ತಿದೆ, ಮಾತ್ರೆಗಿಲ್ಲ! ಮರೆತರೇ? ಪೆಟ್ಟಿಗೆ ಎಲ್ಲಾದರೂ ಬಿಟ್ಟರೇ? ಬೇಕೆಂದೇ ಬಿಟ್ಟರೇ? ಇಷ್ಟು ತಿಂಗಳು ನನ್ನ ಹೆದರಿಕೆಗೆ ನುಂಗಿ, ಕಣ್ಮರೆಯಾದ ಕೂಡಲೇ ಸಾಕು ಎಂದುಕೊಂಡರೇ? ಹಿಟ್ಟಿನ ಕೈಯನ್ನು ನೆಲಕ್ಕೆ ಬಡಿದು, ಘಟ್ಟದಾಚೆಗೂ ಕೇಳಲಿ ಎನ್ನುವ ಹಾಗೆ, 'ಗವಿರಂಗಯ್ಯಾ! ತಗೊಳ್ಳೋ ಮಾತ್ರೇನಾ! ನೀನು ಹೋದ್ರೆ ನಾನ್ಯಾರನ್ನ ಬೈಲಿ?' ಎಂದು ಕೂಗಿಬಿಟ್ಟೆ. ಒಳಗೆ ಸುಗುಣಳ ಕೈಯಿಂದ ಸೌಟು ಬಿತ್ತು.

ಕೂಗು ಅವರಿಗೆ ಕೇಳಿಸಿರಲಿಕ್ಕಿಲ್ಲ. ಬಸ್ಸು ತಡವಾಗಿತ್ತಂತೆ, ಹಸಿದ ಹೊಟ್ಟೆಗೆ ಎರಡು ಬಜ್ಜಿ ತಿಂದು ಆಮೇಲೆ ನೀರಿನ ಬಾಟಲಿ ಹುಡುಕಿದರಂತೆ. ಮರುದಿನ ಬಂದು ಹಾಗೆ ಹೇಳಿದರು, ಎಷ್ಟು ನಿಜವೋ. ಆದರೆ ಆ ಹೊತ್ತಿನಲ್ಲಿ ನನಗೆ ತಿಳಿದದ್ದು ಇಷ್ಟೇ: ಬೆಳ್ಳುಳ್ಳಿ ಮಾಸಿತು, ನಾಲಿಗೆಯ ಬುಡದಲ್ಲಿ ಕಹಿ ಎದ್ದಿತು. ಎಂದಿಗಿಂತ ಹೆಚ್ಚು ಹೊತ್ತು ನಿಂತಿತು. ಅವರು ಅಷ್ಟು ದೂರದಲ್ಲಿ ನಿಂತು, ನನಗೆ ಗೊತ್ತಾಗಲಿ ಎಂದೇ ಆ ಮಾತ್ರೆಯನ್ನು ನುಂಗದೆ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ನಾನು ಹಿತ್ತಲಿಗೆ ಹೋಗಲಿಲ್ಲ. ಉಗುಳಲಿಲ್ಲ. ಕಹಿಯನ್ನು ಹಾಗೇ ನುಂಗಿದೆ.

'ತಾತ,' ಎಂದಳು ಪುಟ್ಟಿ, ಮುಖ ಕಿವುಚಿಕೊಂಡು.

'ಹೂಂ ಕಣೇ, ತಾತ' ಎಂದು ಅವಳ ಬಾಯಿಗೆ ಬೆಲ್ಲ ಹಾಕಿ, ಮತ್ತೆ ಹಿಟ್ಟಿನ ಉಪ್ಪು ನೋಡಲು ಕೂತೆ.